ಶಿವರಾತ್ರಿಯಿಂದ ಯುಗಾದಿ ತನಕ: ಬೇಸಿಗೆಗೆ ಮನೆ ಅಣಿ ಮಾಡಿಕೊಳ್ಳುವುದು ಹೇಗೆ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಅನ್ನುತ್ತಾರಲ್ವಾ, ನಮ್ಮ ತುಮಕೂರಿನಲ್ಲಿ ಅದು ಹೆಚ್ಚುಕಡಿಮೆ ಹಾಗೇ ಆಗುತ್ತದೆ. ಸಿದ್ಧಗಂಗೆ ಜಾತ್ರೆಯಲ್ಲಿ ದನ ಕಟ್ಟಿಕೊಂಡು ಕೂತವರು ರಾತ್ರಿ ಇನ್ನೂ ಕಂಬಳಿ ಹೊದ್ದಿರುತ್ತಾರೆ. ಜಾತ್ರೆ ಮುಗಿದು ಒಂದು ವಾರ ಕಳೆಯಲಿ, ಬೆಳಿಗ್ಗೆ ಹತ್ತಕ್ಕೇ ರಸ್ತೆಯ ನೆರಳಿನ ಕಡೆ ಹುಡುಕಿಕೊಂಡು ನಡೆಯುವಂತಾಗುತ್ತದೆ.

ಶಿವರಾತ್ರಿಯಿಂದ ಯುಗಾದಿಗೆ ಒಂದು ತಿಂಗಳ ಮೇಲೆ ಒಂದೆರಡು ದಿನ. ಬೇಸಿಗೆಯ ಮನೆಕೆಲಸಗಳೆಲ್ಲ ಈ ಒಂದು ತಿಂಗಳಲ್ಲಿ ಮುಗಿಯಬೇಕು. ನಾನು ಈ ಬರಹದಲ್ಲಿ ಒತ್ತಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಯಾಕೆ ಅಂದರೆ ಈ ತಿಂಗಳಲ್ಲಿ ಬಿಸಿಲು ಚುರುಕಾಗಿರುತ್ತದೆ, ಗಾಳಿ ಒಣಗಿರುತ್ತದೆ, ಆಕಾಶದಲ್ಲಿ ಮೋಡ ಇರುವುದಿಲ್ಲ. ಆದರೆ ಮನುಷ್ಯರನ್ನು ಸುಸ್ತು ಮಾಡುವಷ್ಟು ಸೆಕೆ ಇನ್ನೂ ಬಂದಿರುವುದಿಲ್ಲ. ಏಪ್ರಿಲ್ ಅರ್ಧ ಆಗುತ್ತಿದ್ದ ಹಾಗೆ ಅಶ್ವಿನಿ ಮಳೆ ಹುಟ್ಟುತ್ತದೆ, ಅದರ ಹಿಂದೆ ಭರಣಿ. ಆಮೇಲೆ ಮಧ್ಯಾಹ್ನ ಮೂರಕ್ಕೆ ಯಾವ ಕಡೆಯಿಂದ ಮೋಡ ಎದ್ದು ಬರುತ್ತದೆ ಅಂತ ಹೇಳುವುದಕ್ಕಾಗಲ್ಲ. ಹೊಲಕ್ಕೆ ಅದು ಒಳ್ಳೆಯದು, ಸಂಡಿಗೆಗೆ ಒಳ್ಳೆಯದಲ್ಲ.

ನಾನು ಪಾಲಿಸುವ ನಿಯಮ ಎರಡೇ. ಒಂದು ದಿನಕ್ಕೆ ಒಂದೇ ದೊಡ್ಡ ಕೆಲಸ. ಬೆಳಿಗ್ಗೆ ಹನ್ನೊಂದರ ಮೇಲೆ ಬಿಸಿಲಿನ ಕೆಲಸ ಇಲ್ಲ. ಇನ್ನು ಕೆಲಸಗಳ ಸರದಿ ಕೂಡ ಮುಖ್ಯ. ಮಡಕೆ ಮೊದಲು, ಯಾಕೆಂದರೆ ಅದು ಹದಕ್ಕೆ ಬರಲು ನಾಲ್ಕೈದು ದಿನ ಬೇಕು. ಆಮೇಲೆ ನೀರಿನ ತೊಟ್ಟಿ. ಆಮೇಲೆ ಸಂಡಿಗೆ, ಹುಣಸೆಹಣ್ಣು. ತಾರಸಿಗೆ ಸುಣ್ಣ ಬಳಿಯುವುದು ಇವೆಲ್ಲ ಮುಗಿದ ಮೇಲೆ. ಸುಣ್ಣ ಮೊದಲು ಬಳಿದುಬಿಟ್ಟರೆ ಅದರ ಪುಡಿ ಎದ್ದು ಹಸಿ ಸಂಡಿಗೆಗೆ ಮೆತ್ತಿಕೊಳ್ಳುತ್ತದೆ.

ಮಡಕೆ

ಫ್ರಿಜ್ಜಿನ ನೀರು ಗಂಟಲಿಗೆ ತಣ್ಣಗಿರುತ್ತದೆ, ಬಾಯಾರಿಕೆ ಹೋಗುವುದಿಲ್ಲ. ಮಡಕೆ ನೀರು ಹಾಗಲ್ಲ. ಒಂದು ಲೋಟ ಕುಡಿದರೆ ಹೊಟ್ಟೆ ತನಕ ತಂಪಾಗುತ್ತದೆ.

ಅದು ತಂಪಾಗುವ ಬಗೆ ಗೊತ್ತಿದ್ದರೆ ಆರಿಸುವುದು ಸುಲಭ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳಲ್ಲಿ ಜಿನುಗಿ ಹೊರಮೈಗೆ ಬರುತ್ತದೆ, ಗಾಳಿಗೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಬಿಸಿಯನ್ನು ಮಡಕೆಯಿಂದ, ಉಳಿದ ನೀರಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಗಾಳಿ ಒಣಗಿದಷ್ಟೂ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಕಡೆ ಬೆವರುವ ಸೆಕೆಯಲ್ಲಿ ಇದೇ ಮಡಕೆ ಅಷ್ಟೊಂದು ತಂಪು ಕೊಡುವುದಿಲ್ಲ. ಸಮುದ್ರದಿಂದ ದೂರ, ಸುಮಾರು 800 ಮೀಟರ್ ಎತ್ತರದ ನಮ್ಮ ಊರಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಹೊರಗಡೆ ಬಣ್ಣ, ವಾರ್ನಿಷ್ ಹಚ್ಚಿ ಹೂಬಳ್ಳಿ ಬಿಡಿಸಿದ ಮಡಕೆಗಳು ನೋಡಲು ಚೆಂದ. ನೀರಿಗೆ ಬೇಡ. ಬಣ್ಣ ರಂಧ್ರ ಮುಚ್ಚಿಬಿಡುತ್ತದೆ. ಕೆಂಪೋ ಕಪ್ಪೋ, ಮೈ ಬರಿಯದಾಗಿರಬೇಕು. ಕೊಳ್ಳುವಾಗ ಎಡಗೈಯಲ್ಲಿ ಕಂಠ ಹಿಡಿದು ಎತ್ತಿ, ಬಲಗೈ ಬೆರಳಿನ ಗೆಣ್ಣಿನಿಂದ ಹೊಟ್ಟೆಯ ಮೇಲೆ ತಟ್ಟಿ. ಕಂಚಿನ ಹಾಗೆ ಟಣ್ ಅಂದರೆ ಚೆನ್ನಾಗಿ ಬೆಂದಿದೆ. ಡಬ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲಾ ಸರಿಯಾಗಿ ಬೆಂದಿಲ್ಲ. ಹೋದ ವರ್ಷ ರಸ್ತೆ ಬದಿ ಮಡಕೆ ಹಾಕಿಕೊಂಡು ಕೂತಿದ್ದ ಅಜ್ಜಿ ನನಗೆ ಇನ್ನೊಂದು ಹೇಳಿಕೊಟ್ಟರು. "ಬಿಸಿಲಿಗೆ ಹಿಡ್ದು ಒಳಗೆ ಇಣುಕಿ ನೋಡವ್ವ, ಸೂಜಿಯಷ್ಟು ಬೆಳಕು ಬಂದ್ರೂ ಮುಟ್ಬೇಡ" ಅಂದರು. ಮೂರು ಮಡಕೆ ಅವರೇ ಎತ್ತಿ ಹಿಡಿದು ತೋರಿಸಿ, ಮೂರನೆಯದನ್ನು ಪಕ್ಕಕ್ಕಿಟ್ಟುಬಿಟ್ಟರು.

ಮನೆಗೆ ತಂದ ಮೇಲೆ:

ಮೊದಲ ದಿನ ಒಳಗೂ ಹೊರಗೂ ಬರೀ ನೀರಿನಲ್ಲಿ ತೆಂಗಿನ ನಾರು ಹಾಕಿ ಉಜ್ಜಿ ತೊಳೆಯಿರಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮುಟ್ಟಿಸಲೇಬೇಡಿ. ಮಣ್ಣು ಅದನ್ನು ಹೀರಿಕೊಂಡು ತಿಂಗಳುಗಟ್ಟಲೆ ನೀರಿಗೆ ಬಿಡುತ್ತಿರುತ್ತದೆ.

ಆಮೇಲೆ ದೊಡ್ಡ ಬಕೆಟ್ಟಿನಲ್ಲಿ ಮಡಕೆ ಪೂರ್ತಿ ಮುಳುಗುವಂತೆ ಒಂದು ರಾತ್ರಿ ಬಿಡಿ. ಗುಳ್ಳೆಗಳು ಬುಳುಬುಳು ಅಂತ ಬರುತ್ತವೆ, ಅದು ರಂಧ್ರದೊಳಗಿನ ಗಾಳಿ. ಬೆಳಿಗ್ಗೆ ಎತ್ತಿ, ಒಳಗೆ ನೀರು ತುಂಬಿಸಿ ಒಂದು ದಿನ ಇಡಿ. ಆ ನೀರನ್ನು ಗಿಡಕ್ಕೆ ಹಾಕಿ. ಹೀಗೆ ಮೂರು ದಿನ. ನಾಲ್ಕನೇ ದಿನದ ನೀರಲ್ಲಿ ಕೆಸರಿನ ವಾಸನೆ ಹೋಗಿ, ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಆ ಮಣ್ಣಿನ ಘಮಲಷ್ಟೇ ಉಳಿದಿರುತ್ತದೆ. ಆಗ ಕುಡಿಯಬಹುದು.

ಇಡುವ ಜಾಗ ಅಡುಗೆಮನೆಯ ಮೂಲೆ ಅಲ್ಲ. ಗಾಳಿ ಆಡುವ, ಬಿಸಿಲು ಬೀಳದ ಕಡೆ, ಕಿಟಕಿಯ ಪಕ್ಕ ಇಡಬೇಕು. ಅಗಲವಾದ ಬೋಗುಣಿಯಲ್ಲಿ ನಾಲ್ಕು ಬೆರಳು ಮರಳು ಹಾಕಿ, ನೀರು ಚಿಮುಕಿಸಿ, ಅದರ ಮೇಲೆ ಕೂರಿಸಿ. ಹೊಟ್ಟೆಗೆ ಒದ್ದೆ ಹತ್ತಿಬಟ್ಟೆ ಸುತ್ತಿದರೆ ಇನ್ನೂ ತಂಪು. ಬಾಯಿಗೆ ತಟ್ಟೆ ಮುಚ್ಚಿ, ನೀರು ತೆಗೆಯಲು ಉದ್ದ ಹಿಡಿಯ ಸೌಟು ಇಡಿ. ಮಕ್ಕಳು ಕೈ ಅದ್ದುವುದು ತಪ್ಪುತ್ತದೆ.

ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ತಿಂಗಳೊಳಗೆ ಮಡಕೆಯ ಹೊರಗೆ ಬಿಳಿ ಪೊರೆ ಕಟ್ಟುತ್ತದೆ. ಅದು ನೀರಿನಲ್ಲಿದ್ದ ಲವಣ. ಅದು ದಪ್ಪ ಆದಷ್ಟೂ ತಂಪು ಕಡಿಮೆ. ಹದಿನೈದು ದಿನಕ್ಕೊಮ್ಮೆ ನಿಂಬೆ ಹೋಳಿಗೆ ಕಲ್ಲುಪ್ಪು ಅದ್ದಿ ಹೊರಮೈ ಉಜ್ಜಿ. ಇನ್ನೊಂದು ಮಾತು ಗಂಭೀರವಾಗಿ ಹೇಳುತ್ತೇನೆ. ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಮಡಕೆಯಲ್ಲಿಟ್ಟರೆ ಫ್ಲೋರೈಡ್ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅಂಥ ಕಡೆ ಶುದ್ಧ ನೀರಿನ ಘಟಕದ ನೀರು ತಂದೇ ಮಡಕೆಗೆ ತುಂಬಿಸಿ.

ಸಂಪು, ಟ್ಯಾಂಕು

ಇದು ಯಾರಿಗೂ ಇಷ್ಟದ ಕೆಲಸ ಅಲ್ಲ, ಬೇಗ ಹೇಳಿ ಮುಗಿಸುತ್ತೇನೆ. ತುಮಕೂರಿಗೆ ಹೇಮಾವತಿ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ಆಮೇಲೆ ನಮ್ಮ ನಲ್ಲಿಗೆ ಬರುತ್ತದೆ. ಬೇಸಿಗೆ ಏರಿದ ಹಾಗೆ ನೀರು ಬಿಡುವ ದಿನಗಳ ನಡುವೆ ಅಂತರ ಜಾಸ್ತಿಯಾಗುತ್ತದೆ. ಆಗ ಸಂಪು ತೊಳೆಯಲು ಕೂತರೆ ಇರುವ ನೀರೂ ಹೋಯಿತು. ಈಗಲೇ, ನೀರು ಬಿಡುವ ಹಿಂದಿನ ದಿನ ನೋಡಿಕೊಂಡು ಮಾಡಿ. ಎರಡು ದಿನ ಮುಂಚಿನಿಂದ ಸಂಪಿನ ನೀರನ್ನೇ ಬಟ್ಟೆ ಒಗೆಯಲು, ಅಂಗಳ ತೊಳೆಯಲು ಬಳಸಿ ಖಾಲಿ ಮಾಡಿ. ತಳದ ಕೆಸರು ನೀರು ಗಿಡಕ್ಕೆ. ಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಎರಡು ಸಲ ತೊಳೆದು, ಬಟ್ಟೆಯಲ್ಲಿ ಒರೆಸಿ. ಆಳವಾದ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ಮೇಲೆ ಒಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಿರಿ.

ಮುಚ್ಚಳದ ಅಂಚಿನಲ್ಲಿ ಬಿರುಕಿದ್ದರೆ ಸೊಳ್ಳೆಗೆ ಅಷ್ಟೇ ಸಾಕು. ಹಳೆ ಸೀರೆ ನಾಲ್ಕು ಮಡಿಕೆ ಮಾಡಿ ಬಾಯಿಗೆ ಹಾಸಿ, ಅದರ ಮೇಲೆ ಮುಚ್ಚಳ ಹಾಕಿ.

ಸಂಡಿಗೆ

ಈಗ ಬಂತು ಹಬ್ಬದಂಥ ಕೆಲಸ. ಅಂಗಡಿಯಲ್ಲಿ ಎಲ್ಲಾ ತರಹದ ಸಂಡಿಗೆ ಸಿಗುತ್ತದೆ ನಿಜ. ಆದರೆ ಮನೆಯ ತಾರಸಿ ಮೇಲೆ, ಬೆಳಗಿನ ಏಳು ಗಂಟೆಯ ಎಳೆಬಿಸಿಲಿನಲ್ಲಿ, ನಾಲ್ಕು ಜನ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೂತು, ಬಿಸಿ ಹಿಟ್ಟನ್ನು ಸಾಲಾಗಿ ಇಡುತ್ತಾ ಮಾತಾಡುವುದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಕ್ಕಳಿಗೆ ಕಾಗೆ ಕಾಯುವ ಕೆಲಸ ಕೊಡಿ. ಅವರು ಅರ್ಧ ಒಣಗಿದ ಸಂಡಿಗೆ ಕಿತ್ತು ತಿನ್ನುತ್ತಾರೆ, ತಿನ್ನಲಿ. ಅಂಚು ಗಟ್ಟಿ, ನಡು ಮೆತ್ತಗೆ ಇರುವ ಆ ಹೊತ್ತಿನ ಸಂಡಿಗೆಯ ರುಚಿಯೇ ಬೇರೆ. ಅದಕ್ಕೆ ಅಂತಲೇ ನಾನು ಒಂದು ಪಾವು ಜಾಸ್ತಿ ಹಾಕುತ್ತೇನೆ.

ಮೊದಲ ಸಲ ಮಾಡುವವರು ಸಬ್ಬಕ್ಕಿ ಸಂಡಿಗೆಯಿಂದ ಶುರು ಮಾಡಿ. ಕೆಡುವುದು ಕಡಿಮೆ.

ಹಿಂದಿನ ರಾತ್ರಿ ಒಂದು ಪಾವು ಸಬ್ಬಕ್ಕಿ ಎರಡು ಸಲ ತೊಳೆದು, ಎರಡು ಪಾವು ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಐದೂವರೆಗೆ ಎದ್ದು ದಪ್ಪ ತಳದ ಪಾತ್ರೆಯಲ್ಲಿ ಮೂರು ಪಾವು ನೀರು ಕುದಿಯಲು ಇಡಿ. ಕುದಿ ಬಂದ ಮೇಲೆ ನೆನೆದ ಸಬ್ಬಕ್ಕಿಯನ್ನು ಉಳಿದ ನೀರಿನ ಸಮೇತ ಸುರಿದು, ಉರಿ ಸಣ್ಣ ಮಾಡಿ, ತಳ ಹಿಡಿಯದ ಹಾಗೆ ತಿರುವುತ್ತಾ ಇರಿ. ಮೊದಲು ಬೆಳ್ಳಗಿದ್ದ ಕಾಳು ಅಂಚಿನಿಂದ ಕನ್ನಡಿಯಾಗುತ್ತಾ ಬರುತ್ತದೆ. ನಡುವೆ ಬಿಳಿ ಚುಕ್ಕಿ ಇರುವ ತನಕ ಬೆಂದಿಲ್ಲ ಅಂತ ಅರ್ಥ. ಆ ಚುಕ್ಕಿ ಪೂರ್ತಿ ಮಾಯ ಆಗಬೇಕು. ಸೌಟಿನಿಂದ ಎತ್ತಿ ಬಿಟ್ಟರೆ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ, ತುಂಡಾಗಿ ಬೀಳಬೇಕು.

ಇದಕ್ಕೆ ಆರೇಳು ಹಸಿಮೆಣಸಿನಕಾಯಿ, ಚಿಟಿಕೆ ಇಂಗು ಅರೆದು ಹಾಕಿ. ಜೀರಿಗೆ ಹಾಗೇ ಹಾಕಿ. ಉಪ್ಪಿನ ವಿಷಯದಲ್ಲಿ ನಮ್ಮ ಅತ್ತೆ ಬಲು ಕಟ್ಟುನಿಟ್ಟು. ಬಾಯಿಗಿಟ್ಟು ನೋಡಿ, "ಈಗ್ಲೇ ಸರಿಯಾಗಿದೆ ಅನ್ಸಿದ್ರೆ ಜಾಸ್ತಿ ಆಯ್ತು ಅಂತ ತಿಳ್ಕೋ" ಅನ್ನುತ್ತಾರೆ. ನೀರೆಲ್ಲ ಆರಿ ಹೋಗುತ್ತದೆ, ಉಪ್ಪು ಅಷ್ಟೇ ಉಳಿಯುತ್ತದೆ. ಹಾಗಾಗಿ ಹಸಿ ಹಿಟ್ಟು ಸಪ್ಪೆ ಅನ್ನಿಸಬೇಕು. ಖಾರಕ್ಕೂ ಇದೇ ಲೆಕ್ಕ. ಕೊನೆಗೆ ಉರಿ ಆರಿಸಿ ಒಂದು ನಿಂಬೆಹಣ್ಣು ಹಿಂಡಿ.

ಹಾಳೆ ದಪ್ಪ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು. ತೊಳೆದು ಒರೆಸಿ, ನಾಲ್ಕು ಮೂಲೆಗೆ ಕಲ್ಲು ಇಡಿ. ಹಿಟ್ಟು ಬಿಸಿ ಇರುವಾಗಲೇ ಚಮಚದಲ್ಲಿ ಬಿಟ್ಟು, ಹಿಂಭಾಗದಿಂದ ಒಂದೇ ಸುತ್ತು ಹರಡಿ. ಎರಡು ಬೆರಳಗಲ ಸಾಕು. ತೀರ ತೆಳುವಾದರೆ ಏಳಿಸುವಾಗ ಹರಿಯುತ್ತದೆ, ದಪ್ಪ ಆದರೆ ಕರಿದಾಗ ನಡುವೆ ಗಟ್ಟಿ ಉಳಿಯುತ್ತದೆ. ಸಂಜೆ ಹೊತ್ತಿಗೆ ಅಂಚು ತಾನಾಗಿ ಮೇಲೆ ಮಡಚಿಕೊಂಡಿರುತ್ತದೆ. ಆಗ ಹಾಳೆಯನ್ನು ಕೆಳಗಿನಿಂದ ಸ್ವಲ್ಪ ಮಡಚಿದರೆ ಸಂಡಿಗೆ ಚಟ್ ಅಂತ ಬಿಡುತ್ತದೆ. ಬಿಡದಿದ್ದರೆ ಎಳೆಯಬೇಡಿ, ನಾಳೆ ಬಿಡುತ್ತದೆ. ತಿರುವಿ ಹಾಕಿ ಇನ್ನೆರಡು ದಿನ ಬಿಸಿಲು ಕಾಯಿಸಿ. ರಾತ್ರಿ ಒಳಗೆ ತನ್ನಿ, ಇಬ್ಬನಿ ತಾಗಬಾರದು. ಮೂರನೇ ದಿನ ಒಂದನ್ನು ಮುರಿದು ನೋಡಿ. ಬಾಗದೆ ಪಟ್ಟನೆ ಮುರಿದರೆ ಡಬ್ಬಕ್ಕೆ ಹಾಕಬಹುದು. ಬಿಸಿಲಿನಿಂದ ತಂದ ತಕ್ಷಣ ಹಾಕಬೇಡಿ, ಪೂರ್ತಿ ಆರಿದ ಮೇಲೆ ಹಾಕಿ. ಇಲ್ಲದಿದ್ದರೆ ಡಬ್ಬದೊಳಗೆ ಬೆವರುತ್ತದೆ.

ಕೈ ಕುದುರಿದ ಮೇಲೆ ಅರಳು ಸಂಡಿಗೆಗೆ ಹೋಗಿ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಬಲಿತ ಬೂದುಗುಂಬಳಕಾಯಿ ಸಿಪ್ಪೆ, ಬೀಜ ತೆಗೆದು ತುರಿಯಿರಿ. ತುರಿ ತಾನೇ ನೀರು ಬಿಡುತ್ತದೆ. ಭತ್ತದ ಅರಳನ್ನು ಮೊರದಲ್ಲಿ ಕೇರಿ, ಕೈಯಿಂದ ಹೊಟ್ಟು ಒಂದೊಂದಾಗಿ ಆರಿಸಿ. ಈ ಆರಿಸುವ ಕೆಲಸಕ್ಕೆ ಹಿಂದಿನ ದಿನವೇ ಕೂತುಬಿಡಿ, ಬೇಗ ಮುಗಿಯುವುದಲ್ಲ. ಕುಂಬಳದ ತುರಿ, ಅರೆದ ಹಸಿಮೆಣಸು, ಇಂಗು, ಉಪ್ಪು ಕಲಸಿ, ಅದಕ್ಕೆ ಅರಳು ಸೇರಿಸುತ್ತಾ ಬನ್ನಿ. ನೀರು ಬೇರೆ ಹಾಕುವುದೇ ಬೇಡ, ಕುಂಬಳದ ನೀರನ್ನೇ ಅರಳು ಕುಡಿಯುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಸಣ್ಣ ನಿಂಬೆಹಣ್ಣಿನ ಗಾತ್ರಕ್ಕೆ ಕಿತ್ತು, ಒತ್ತದೆ, ಹಗುರವಾಗಿ ಹಾಳೆಯ ಮೇಲೆ ಇಡಿ. ಒತ್ತಿದರೆ ಕಲ್ಲಾಗುತ್ತದೆ. ಒಳಗಿನ ತೇವ ಹೋಗಲು ಇದಕ್ಕೆ ನಾಲ್ಕೈದು ಬಿಸಿಲು ಬೇಕೇ ಬೇಕು.

ಬಾಳಕದ ಮೆಣಸಿನಕಾಯಿಯನ್ನೂ ಇದೇ ವಾರದಲ್ಲಿ ಹಾಕಿಬಿಡಿ. ತೊಟ್ಟು ಬಿಟ್ಟುಕೊಂಡು, ಮೆಣಸಿನಕಾಯಿಯ ಉದ್ದಕ್ಕೆ ಒಂದು ಸೀಳು. ಹುಳಿ ಮಜ್ಜಿಗೆಗೆ ಉಪ್ಪು, ಮೆಂತ್ಯದ ಪುಡಿ, ಇಂಗು. ರಾತ್ರಿ ಮಜ್ಜಿಗೆಯಲ್ಲಿ, ಹಗಲು ಬಿಸಿಲಿನಲ್ಲಿ, ಮತ್ತೆ ಸಂಜೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರುವ ತನಕ ಹೀಗೇ. ಆಮೇಲೆ ಬರೀ ಬಿಸಿಲು.

ಒಂದು ವರ್ಷ ಮನೆಯಲ್ಲಿ ಮದುವೆ ಓಡಾಟ ಅಂತ ಸಂಡಿಗೆ ಯುಗಾದಿ ಆದಮೇಲೆ ಹಾಕಿದೆ. ಎರಡು ಸೇರು ಅಕ್ಕಿ, ಮೂರು ದಿನ ನೆನೆಸಿ ದಿನವೂ ನೀರು ಬದಲಾಯಿಸಿ, ರುಬ್ಬಿ, ಬೇಯಿಸಿ, ಒರಳಿನಲ್ಲಿ ಒತ್ತಿದ್ದು. ಮೊದಲ ದಿನ ಚೆನ್ನಾಗಿ ಒಣಗಿತು. ಎರಡನೇ ದಿನ ನಾನು ಮಧ್ಯಾಹ್ನ ಆಚೆ ಹೋಗಿದ್ದಾಗ ಹತ್ತೇ ನಿಮಿಷ ಹನಿ ಬಿತ್ತು. ಮೇಲಕ್ಕೆ ಓಡಿ ಬರುವಷ್ಟರಲ್ಲಿ ಹಾಳೆಯ ಮೇಲೆ ಗಂಜಿ ನಿಂತಿತ್ತು. ಅದನ್ನು ಬಕೆಟ್ಟಿಗೆ ಬಾಚಿ ಎದುರುಮನೆಯ ಹಸುವಿಗೆ ಹಾಕಿ ಬಂದೆ. ಮೂರು ದಿನದ ಕೆಲಸ, ಅತ್ತೆಯ ಕೈನೋವು ಎಲ್ಲ ಅದರಲ್ಲಿ ಹೋಯಿತು. ಅವತ್ತಿನಿಂದ ಹೋಳಿ ಹುಣ್ಣಿಮೆ ಒಳಗೆ ಸಂಡಿಗೆ ಮುಗಿಸಿಬಿಡುತ್ತೇನೆ.

ವರ್ಷದ ಹುಣಸೆಹಣ್ಣು

ನಮ್ಮ ಜಿಲ್ಲೆಯಲ್ಲಿ ಹುಣಸೆಮರ ಇಲ್ಲದ ರಸ್ತೆ ಹುಡುಕಬೇಕು. ಫೆಬ್ರವರಿಯಿಂದಲೇ ಹೊಸ ಹಣ್ಣು ಮಂಡಿಗೆ ಬರುತ್ತದೆ, ಶಿವರಾತ್ರಿ ಕಳೆದ ಮೇಲೆ ರಾಶಿ ಕಾಣುತ್ತದೆ. ನಾಲ್ಕು ಜನರ ಮನೆಗೆ ವರ್ಷಕ್ಕೆ ಆರೇಳು ಕೆಜಿ ಬೀಜ ತೆಗೆದ ಹಣ್ಣು ನಮಗೆ ಸಾಕಾಗುತ್ತದೆ. ದಿನಾ ಸಾರು, ಹುಳಿ, ವಾರಕ್ಕೊಮ್ಮೆ ಗೊಜ್ಜು ಮಾಡುವ ಮನೆಯ ಲೆಕ್ಕ ಇದು.

ಹೊಸ ಹಣ್ಣು ತಿಳಿ ಕಂದು ಬಣ್ಣ, ಮುಟ್ಟಿದರೆ ಅಂಟು. ಕಪ್ಪಾಗಿದ್ದರೆ ಹಳೆಯದು, ಕೆಟ್ಟದ್ದು ಅಂತ ಅಲ್ಲ. ಸಾರಿಗೆ ಬಣ್ಣ ಕಪ್ಪಾಗುತ್ತದೆ ಅಷ್ಟೇ, ಪುಳಿಯೋಗರೆ ಗೊಜ್ಜಿಗೆ ಹಳೆಯದೇ ಚೆನ್ನ.

ಓಡಿನ ಸಮೇತ ತಂದರೆ ಒಂದು ದಿನ ಚುರುಕು ಬಿಸಿಲಿಗೆ ಹಾಕಿ, ಓಡು ಕೈಯಲ್ಲೇ ಪುಡಿಯಾಗುತ್ತದೆ. ಆಮೇಲೆ ಬೆನ್ನಿನ ನಾರು ಒಂದೇ ಎಳೆತಕ್ಕೆ ಬರುವಂತೆ ತೊಟ್ಟಿನ ಕಡೆಯಿಂದ ಎಳೆಯಿರಿ. ಬೀಜ ಬಿಡಿಸಲು ಕಲ್ಲಿನ ಮೇಲಿಟ್ಟು ಮರದ ಕೊಡತಿಯಲ್ಲಿ ಮೆಲ್ಲಗೆ ಕುಟ್ಟಿ. ಜೋರಾಗಿ ಕುಟ್ಟಿದರೆ ಬೀಜ ಒಡೆದು ಹಣ್ಣಿಗೆ ಒಗರು ಬರುತ್ತದೆ. ಬೀಜ ಬಿಸಾಡಬೇಡಿ. ಒಂದು ಹಿಡಿ ತೊಳೆದು ಒಣಗಿಸಿ, ಅರ್ಧದಷ್ಟಕ್ಕೆ ಒಂದು ಮೈ ಕಲ್ಲಿಗೆ ಉಜ್ಜಿ ಬಿಳಿ ಮಾಡಿದರೆ ಬೇಸಿಗೆ ರಜೆಗೆ ಚೌಕಾಬಾರದ ದಾಳ. ಮಿಕ್ಕಿದ್ದು ಅಳಗುಳಿ ಮಣೆಗೆ.

ಬಿಡಿಸಿದ ಹಣ್ಣಿಗೆ ಇನ್ನೊಂದು ದಿನ ಬಿಸಿಲು. ನಂತರ ಪಿಂಗಾಣಿ ಜಾಡಿಯ ತಳಕ್ಕೆ ಕಲ್ಲುಪ್ಪು ಉದುರಿಸಿ, ಒಂದು ಪದರ ಹಣ್ಣು ಒತ್ತಿ, ಮತ್ತೆ ಉಪ್ಪು, ಮತ್ತೆ ಹಣ್ಣು. ಗಾಳಿ ಉಳಿಯದಂತೆ ಅಂಗೈ ಬುಡದಿಂದ ಒತ್ತಿ ತುಂಬಿ. ಕೈ ಮಾತ್ರ ಚೂರೂ ಒದ್ದೆ ಇರಬಾರದು. ಅಲ್ಯೂಮಿನಿಯಂ, ಕಬ್ಬಿಣದ ಡಬ್ಬ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಉಪ್ಪು ಹಾಕಿರುವುದನ್ನು ನೆನಪಿಟ್ಟುಕೊಂಡು ಸಾರಿಗೆ ಉಪ್ಪು ಒಂದು ಚಿಟಿಕೆ ಕಡಿಮೆ ಮಾಡಿ.

ಕುಡಿಯುವುದಕ್ಕೆ

ಬೆಳಗಿನ ಕಾಫಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹನ್ನೊಂದು ಗಂಟೆಯ ಎರಡನೇ ಕಾಫಿಯ ಬದಲು ಅಂಬಲಿ ಅಭ್ಯಾಸ ಮಾಡಿಕೊಳ್ಳಿ. ಅದು ಹೊಟ್ಟೆಗೂ ಆಯಿತು, ತಂಪಿಗೂ ಆಯಿತು.

ರಾತ್ರಿ ಮಲಗುವ ಮುಂಚೆ ನಾಲ್ಕು ದೊಡ್ಡ ಚಮಚ ರಾಗಿಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ ಮುಚ್ಚಿಡಿ. ಬೆಳಿಗ್ಗೆಗೆ ಲೇಸಾಗಿ ಹುಳಿ ವಾಸನೆ ಬಂದಿರುತ್ತದೆ, ಅದೇ ಬೇಕಾದದ್ದು. ಮೂರು ಲೋಟ ನೀರಿಗೆ ಉಪ್ಪು ಹಾಕಿ ಕುದಿಸಿ, ಈ ಹಿಟ್ಟಿನ ನೀರನ್ನು ತಿರುವುತ್ತಾ ಸುರಿಯಿರಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಮಣ್ಣು ಬಣ್ಣ ಹೋಗಿ ಮೈ ಮೇಲೆ ಹೊಳಪು ಬಂದಾಗ ಬೆಂದಿದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು. ಪೂರ್ತಿ ಆರಿದ ಮೇಲೆ ಎರಡು ಲೋಟ ಮಜ್ಜಿಗೆ ಬೆರೆಸಿ. ಬಿಸಿ ಇರುವಾಗ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಒಂದು ಹಸಿಮೆಣಸಿನಕಾಯಿ. ಮಣ್ಣಿನ ಕುಡಿಕೆಯಲ್ಲಿಟ್ಟರೆ ಮಧ್ಯಾಹ್ನದ ತನಕ ತಣ್ಣಗಿರುತ್ತದೆ. ಮರುದಿನಕ್ಕೆ ಉಳಿಸಬೇಡಿ.

ಮಜ್ಜಿಗೆ ಮಾಡುವಾಗ ಒಂದು ಲೋಟ ಮೊಸರಿಗೆ ನಾಲ್ಕು ಲೋಟ ನೀರು. ಶುಂಠಿ, ಕರಿಬೇವು, ಹಸಿಮೆಣಸನ್ನು ಅರೆಯದೆ ಜಜ್ಜಿ ಹಾಕಿ, ಅರ್ಧ ಗಂಟೆ ಬಿಟ್ಟು ಸೋಸಿ. ಪಾನಕಕ್ಕೆ ರಾಮನವಮಿ ತನಕ ಕಾಯಬೇಕಿಲ್ಲ. ಬೆಲ್ಲ, ನಿಂಬೆರಸ, ಏಲಕ್ಕಿ, ಒಂದಿಷ್ಟು ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು, ಮಡಕೆ ನೀರು. ಬೇಲದ ಹಣ್ಣು ಸಿಕ್ಕರೆ ಅದರ ತಿರುಳನ್ನು ಬೆಲ್ಲದ ನೀರಿನಲ್ಲಿ ಕಿವುಚಿ ಸೋಸಿ. ಗ್ರಂಧಿಗೆ ಅಂಗಡಿಯಲ್ಲಿ ಲಾವಂಚದ ಬೇರು ತಂದು, ತೊಳೆದು, ಬಿಳಿ ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ ಮಡಕೆಯೊಳಗೆ ಇಳಿಬಿಡಿ. ನಾಲ್ಕು ದಿನಕ್ಕೊಮ್ಮೆ ತೆಗೆದು ಬಿಸಿಲಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಘಮ ಹೋದಾಗ ಬದಲಾಯಿಸಿ.

ತಾರಸಿಗೆ ಸುಣ್ಣ, ಕಿಟಕಿಗೆ ಪರದೆ

ಮೇಲಿನ ಮಹಡಿಯಲ್ಲಿ ಮಲಗುವವರಿಗೆ ರಾತ್ರಿ ಹತ್ತಕ್ಕೂ ಸೂರು ಬಿಸಿ ಕಾರುವುದು ಗೊತ್ತಿರುತ್ತದೆ. ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಅದಕ್ಕೆ ಸುಣ್ಣದಷ್ಟು ಅಗ್ಗದ್ದು ಬೇರೆ ಇಲ್ಲ.

ಸುಣ್ಣದ ಕಲ್ಲು ಅರಳಿಸುವಾಗ ಹುಷಾರು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ಅರ್ಧ ನೀರು ತುಂಬಿ, ಆಮೇಲೆ ಕಲ್ಲನ್ನು ಒಂದೊಂದಾಗಿ ಬಿಡಿ. ಕಲ್ಲಿನ ರಾಶಿಯ ಮೇಲೆ ನೀರು ಸುರಿಯಬೇಡಿ, ಕುದ್ದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಆ ಬಿಸಿಗೆ ಮೆತ್ತಗಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಮಕ್ಕಳು ಕೆಳಗೆ. ಒಂದು ರಾತ್ರಿ ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿ, ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಸ್ವಲ್ಪ ಫೆವಿಕಾಲ್ ಬೆರೆಸಿದರೆ ಕಾಲಿಗೆ ಪುಡಿ ಹತ್ತುವುದು ಕಡಿಮೆ. ತಾರಸಿ ಗುಡಿಸಿ, ತೊಳೆದು, ನೆಲ ಇನ್ನೂ ತೇವ ಇರುವಾಗ ಸಂಜೆ ಒಂದು ಕೈ, ಮರುದಿನ ಸಂಜೆ ಇನ್ನೊಂದು ಕೈ. ಮಳೆನೀರು ಹಿಡಿಯುವ ಮನೆಯಾದರೆ ಮೊದಲೆರಡು ಮಳೆಗೆ ಪೈಪು ತಪ್ಪಿಸಿಡಿ.

ಕಿಟಕಿಯ ವಿಷಯ ಸುಲಭ. ಬೆಳಿಗ್ಗೆ ಐದರಿಂದ ಒಂಬತ್ತು ಎಲ್ಲಾ ತೆಗೆದಿರಿ, ಒಂಬತ್ತೂವರೆಗೆ ಪೂರ್ವದ್ದು ಮುಚ್ಚಿ, ಮಧ್ಯಾಹ್ನ ಪಶ್ಚಿಮದ್ದು ಮುಚ್ಚಿ, ಹೊತ್ತು ಮುಳುಗಿದ ಮೇಲೆ ಮತ್ತೆ ಎಲ್ಲಾ ತೆಗೆಯಿರಿ. ಪಶ್ಚಿಮದ ಕಿಟಕಿಗೆ ಒಳಗಡೆ ಪರದೆಗಿಂತ ಹೊರಗಡೆ ಒಂದು ಈಚಲು ಚಾಪೆ ಇಳಿಬಿಡುವುದು ಮೇಲು. ಬಿಸಿಲು ಗಾಜು ದಾಟುವ ಮುಂಚೆಯೇ ನಿಲ್ಲಬೇಕು. ಕಂಬಳಿ, ರಗ್ಗು ಒಂದು ದಿನ ಬಿಸಿಲು ಕಾಯಿಸಿ, ಒಣಗಿದ ಬೇವಿನೆಲೆ ನಡುವೆ ಹಾಕಿ ಮಡಚಿ ಎತ್ತಿಡಿ.

ಹಕ್ಕಿಗೆ ನೀರು, ಸಂಜೆಗೆ ನಮಗೆ

ತೂತಿಲ್ಲದ ಅಗಲ ಮಣ್ಣಿನ ತಟ್ಟೆ, ನೆರಳಿನಲ್ಲಿ, ಬೆಕ್ಕು ಹಾರಲಾಗದ ಎತ್ತರಕ್ಕೆ. ನಡುವೆ ಒಂದು ಒರಟು ಕಲ್ಲು ಇಟ್ಟರೆ ಸಣ್ಣ ಹಕ್ಕಿ, ಜೇನುಹುಳ ಕೂತು ಕುಡಿಯುತ್ತವೆ. ದಿನಾ ನೀರು ಚೆಲ್ಲಿ, ಅಂಚನ್ನು ಉಜ್ಜಿ, ಹೊಸ ನೀರು ಹಾಕಿ. ಸುಮ್ನೆ ಮೇಲಿಂದ ತುಂಬಿಸಿದರೆ ಸೊಳ್ಳೆ ಮೊಟ್ಟೆ ಅಂಚಿಗೆ ಅಂಟಿಕೊಂಡೇ ಇರುತ್ತದೆ. ನಮ್ಮ ಮನೆಯಲ್ಲಿ ಮೊದಲ ವಾರ ಯಾವ ಹಕ್ಕಿಯೂ ಬರಲಿಲ್ಲ. ಒಂಬತ್ತನೇ ದಿನ ಒಂದು ಪಿಕಳಾರ ಬಂತು, ನೀರು ಕುಡಿಯಲಿಲ್ಲ, ಇಳಿದು ಸ್ನಾನ ಮಾಡಿ ಹೋಯಿತು. ಈಗ ತಟ್ಟೆ ಇಡುವುದು ಐದು ನಿಮಿಷ ತಡವಾದರೆ ಅಡುಗೆಮನೆ ಕಿಟಕಿಗೇ ಬಂದು ಕೂಗುತ್ತದೆ.

ಈ ಹೊತ್ತಿಗೆ ಹೊಂಗೆ ಎಲೆ ಉದುರಿಸಿ ಎಳೆ ಹಸಿರು ತಳೆದಿರುತ್ತದೆ, ಬೇವು ಹೂ ಬಿಡಲು ಶುರು ಮಾಡಿರುತ್ತದೆ. ಸಂಜೆ ಆರಕ್ಕೆ ಸುಣ್ಣ ಬಳಿದ ತಾರಸಿಗೆ ನಾಲ್ಕು ಚೊಂಬು ನೀರು ಚಿಮುಕಿಸಿ, ಅರ್ಧ ಗಂಟೆ ಬಿಟ್ಟು ಚಾಪೆ ಹಾಕಿ. ಕೋಸಂಬರಿಗೆ ಹೆಸರುಬೇಳೆ ಮಧ್ಯಾಹ್ನ ನಾಲ್ಕಕ್ಕೇ ನೆನೆಹಾಕಿರಬೇಕು. ಸೌತೆಕಾಯಿ ಹೆಚ್ಚುವುದು, ಉಪ್ಪು ಹಾಕುವುದು ತಿನ್ನುವ ಹೊತ್ತಿಗೆ. ಮುಂಚೆ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ.

ಯುಗಾದಿಯ ಹಿಂದಿನ ದಿನ ಉಳಿದಿರುವುದು ಚಿಲ್ಲರೆ ಕೆಲಸ. ತಾರಸಿಯ ನೀರು ಹೋಗುವ ಕಿಂಡಿಗೆ ಕೈ ಹಾಕಿ ಎಲೆ ಕಸ ತೆಗೆಯಿರಿ, ಅಶ್ವಿನಿ ಮಳೆ ಹೇಳಿ ಬರುವುದಿಲ್ಲ. ಸಂಡಿಗೆ ಹಾಳೆ ತೊಳೆದು ಒಣಗಿಸಿ ಸುತ್ತಿಡಿ. ಒರಳಿನ ಬಿಲ್ಲೆಯ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಜಾಡಿಯ ಮೇಲೆ ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿ. ಹೊಸ ಮಡಕೆಯ ನೀರನ್ನು ತುಂಬಿದ ತಂಬಿಗೆ ಮನೆಗೆ ಬಂದವರ ಕೈಗೆ ಮೊದಲು ಕೊಡಿ, ಬೇವುಬೆಲ್ಲ ಆಮೇಲೆ.